ತೇವ ಪರೀಕ್ಷೆಗೆ ಮಾತ್ರ ಪ್ರವೇಶ

ಸಾರ್ವಜನಿಕ ಕಾಡಿನೊಳಗೆ ಸಾರ್ವಜನಿಕರು ಓಡಾಡುವುದಕ್ಕೆ ಇಲಾಖೆಯ ಆಕ್ಷೇಪಣೆ ಏನೂ ಇರಲಿಲ್ಲ. ಏಕೆಂದರೆ ಆ ವಿಷಯ ಇಲಾಖೆಯ ಗಮನಕ್ಕೇ ಬಂದಿರಲಿಲ್ಲ. ಬೆಳಿಗ್ಗೆ ಸಕ್ಕರೆ ಕಾಯಿಲೆಯವರು, ಮಧ್ಯಾಹ್ನ ಪ್ರೇಮಿಗಳು, ಸಂಜೆ ಸೊಸೆಯರ ಮೇಲೆ ದೂರಿರುವ ಅತ್ತೆಯರು ಸರದಿ ತಪ್ಪದೆ ಬಂದು ಹೋಗುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಗೇಟು ಕಾಯುತ್ತಿದ್ದವನನ್ನು ಎಲ್ಲರೂ ಗೇಟಣ್ಣ ಅನ್ನುತ್ತಿದ್ದರು. ಒಂದೊಂದು ಮರದ ನೆರಳೂ ಅವನಿಗೆ ಗುರುತಿತ್ತು.

ಗ್ರಹಚಾರ ಶುರುವಾದದ್ದು ಒಂದು ಫಲಕದಿಂದ. ಹೊಸದಾಗಿ ಬಂದ ಸಾಹೇಬರಿಗೆ ಕಾಡಿನ ಬಾಗಿಲಲ್ಲಿ ಅದರ ಇತಿಹಾಸ ಬರೆಸಬೇಕು ಅನ್ನಿಸಿತು. ಹಳೆಯ ಕಡತ ಜಾಲಾಡಿದರೆ, ಇದು ಕಾಡೇ ಅಲ್ಲ! ನೂರ ಹನ್ನೆರಡು ವರ್ಷದ ಹಿಂದೆ ಹಡಗಿನ ಕಾರ್ಖಾನೆಯೊಂದು ಹಾಯಿಕಂಬಕ್ಕೆ ಮರ ಕೇಳಿತ್ತು, ಇಲಾಖೆ ಸಸಿ ನೆಟ್ಟಿತ್ತು. ಮರ ಬೆಳೆಯುವಷ್ಟರಲ್ಲಿ ಹಡಗುಗಳು ಕಬ್ಬಿಣದ್ದಾದವು, ಕಾರ್ಖಾನೆ ಮುಚ್ಚಿತು. ಬೇಡಿಕೆಯನ್ನು ಮಾತ್ರ ಯಾರೂ ರದ್ದು ಮಾಡಿರಲಿಲ್ಲ.

"ಅಂದ್ರೆ ಇದು ಮರದ ಉಗ್ರಾಣ," ಎಂದರು ಸಾಹೇಬರು. "ಕಡಿದು ಕಳಿಸಿ, ಕಡತ ಮುಗಿಸೋಣ."

"ಎಲ್ಲಿಗೆ ಸಾರ್?" ಎಂದ ಗೇಟಣ್ಣ.

"ವಿಳಾಸ ಇದೆಯಲ್ಲ."

"ಅಲ್ಲೀಗ ಬಸ್ ನಿಲ್ದಾಣ ಇದೆ ಸಾರ್."

"ಒಳ್ಳೇದಾಯ್ತು. ಇಳಿಸೋಕೆ ಅನುಕೂಲ."

ಆ ದಿನ ಗೇಟಣ್ಣ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹೆಂಡತಿ ಬಾಯಿ ಬಿಡಿಸಿ ಎಲ್ಲ ಕೇಳಿಸಿಕೊಂಡಳು.

"ಹಸಿ ಸೌದೆ ನನ್ನ ಒಲೆಗೇ ಆಗಲ್ಲ ಕಣ್ರೀ, ಹಡಗಿಗೆ ಆಗುತ್ತಾ? ಆ ಕಡತದಲ್ಲಿ ಇದಕ್ಕೆ ಏನಾದ್ರೂ ಬರೆದಿರ್ತಾರೆ, ನೋಡಿ."

ಬರೆದಿದ್ದರು. ಮಾರನೇ ದಿನ ಗೇಟಣ್ಣ ಬೆರಳಿಟ್ಟು ತೋರಿಸಿದ. ನಿಯಮ ಒಂಬತ್ತು: 'ಪೂರ್ಣವಾಗಿ ಒಣಗಿದ ಮರವನ್ನು ಮಾತ್ರ ಕಡಿಯತಕ್ಕದ್ದು.'

"ಇವು ಯಾವಾಗ ಒಣಗುತ್ವೆ?"

"ಕಡಿದ ಮೇಲೆ ಸಾರ್."

"ಕಡಿಯೋದು ಯಾವಾಗ?"

"ಒಣಗಿದ ಮೇಲೆ ಸಾರ್."

ಸಾಹೇಬರ ಮುಖದಲ್ಲಿ ನೆಮ್ಮದಿ ಮೂಡಿತು. ಇಂಥ ಕಡತವನ್ನು ನಿವೃತ್ತಿಯವರೆಗೂ ನಡೆಸಬಹುದು.

ಆದರೆ ಪ್ರತಿ ಮರದ ತೇವವನ್ನೂ ದಿನಾ ಪರೀಕ್ಷಿಸಬೇಕಲ್ಲ? ಸಿಬ್ಬಂದಿ ಎಂದರೆ ಗೇಟಣ್ಣ ಒಬ್ಬನೇ. ಹಾಗಾಗಿ ಪ್ರಕಟಣೆ ಹೊರಟಿತು:

'ಈ ಉಗ್ರಾಣದಲ್ಲಿ ವಿಹಾರವನ್ನು ನಿಷೇಧಿಸಲಾಗಿದೆ. ತೇವ ಪರೀಕ್ಷೆಗೆ ಬರುವ ಸಾರ್ವಜನಿಕರು ಮರವನ್ನು ಮೂರು ಬಾರಿ ತಟ್ಟಿ ಹಸಿಯೆಂದು ದೃಢಪಡಿಸತಕ್ಕದ್ದು. ಪರೀಕ್ಷೆಯ ವೇಳೆ ಸಂತೋಷ ಕಂಡುಬಂದಲ್ಲಿ ಅದನ್ನು ವಿಹಾರವೆಂದೇ ಪರಿಗಣಿಸಲಾಗುವುದು.'

ಜನ ಒಂದೇ ವಾರದಲ್ಲಿ ಒಗ್ಗಿಕೊಂಡರು. ಸಕ್ಕರೆ ಕಾಯಿಲೆಯವರು ತಟ್ಟುತ್ತಲೇ ನಡೆದರು. ಮುಖದ ವಿಷಯದಲ್ಲಿ ಅತ್ತೆಯರಿಗೆ ಯಾವ ತೊಂದರೆಯೂ ಆಗಲಿಲ್ಲ.

"ಒಂದೇ ಮರದ ಕೆಳಗೆ ಎರಡು ಗಂಟೆಯಿಂದ ಕೂತಿದ್ದೀರಲ್ಲಪ್ಪ?" ಎಂದು ಗೇಟಣ್ಣ ಪ್ರೇಮಿಗಳನ್ನು ಕೇಳಿದ.

"ಇದರ ಮೇಲೆ ಅನುಮಾನ ಇದೆ ಅಣ್ಣ," ಎಂದಳು ಹುಡುಗಿ, ಗಂಭೀರವಾಗಿ.

ಬೇಸಿಗೆಯಲ್ಲಿ, ತಿರುವಿನ ಬಳಿಯ ಮರವೊಂದು ನಿಜವಾಗಿಯೂ ಸತ್ತಿತು. ಎಲೆ ಉದುರಿತು, ತೊಗಟೆ ಸುಲಿಯಿತು. ಗೇಟಣ್ಣನ ಭಯ ಇದು: ಒಂದು ಹೋದರೆ ಕಡತ ಅಲುಗುತ್ತದೆ, ಕಡತ ಅಲುಗಿದರೆ ಕಾಡು ಹೋಗುತ್ತದೆ. ಸಾಹೇಬರೂ ಓಡಿ ಬಂದರು. ಅವರ ಭಯ ಬೇರೆ: ಹಾಯಿಕಂಬ ತಲುಪಿತೆಂದು ಬಸ್ ನಿಲ್ದಾಣದಿಂದ ರಶೀದಿ ತರುವವರು ಯಾರು?

"ಒಣಗಿದೆ ಸಾರ್."

"ಬಾಯಿಗೆ ಬಂದದ್ದು ಮಾತಾಡಬೇಡ. ನೀರು ಹಾಕು."

ಅಂದಿನಿಂದ ಸತ್ತ ಮರಕ್ಕೆ ದಿನಕ್ಕೆ ನಾಲ್ಕು ಬಿಂದಿಗೆ ನೀರು ಎಂದು ಆದೇಶವಾಯಿತು. ನಡೆಯಲು ಬರುವವರೂ ಮನೆಯಿಂದ ಬಾಟಲಿ ತಂದು ಸಾಲಾಗಿ ನಿಂತರು. ಮಳೆಗಾಲ ಬಂದರೂ ಆದೇಶ ಬದಲಾಗಲಿಲ್ಲ. ಗೇಟಣ್ಣ ಸುರಿಯುವ ಮಳೆಯಲ್ಲೇ ಬಿಂದಿಗೆ ಹೊತ್ತ. ಹೆಂಡತಿ ಅವನಿಗೆ ಕೊಡೆ ಹಿಡಿದಳು.

"ಚಿಗುರುತ್ತೇನ್ರೀ ಇದು?"

"ಚಿಗುರಲ್ಲ ಕಣೇ. ಒದ್ದೆ ಇದ್ರೆ ಸಾಕು."

"ಬೇಗ ಹುಯ್ಯಿ ಗೇಟಣ್ಣ," ಎಂದರು ಹಿಂದೆ ಕೊಡೆ ಹಿಡಿದು ನಿಂತವರು. "ನಮ್ಮದೂ ಇನ್ನೂ ಬಾಕಿ ಇದೆ."