ಎದುರು ದಡ ಕಾಣದ ಮಹಾಸರೋವರ

ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ ಸಿಹಿನೀರಿನ ಮಹಾಸರೋವರವೊಂದು ಇದೆ ಎಂದು ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುತ್ತೇನೆ. ಉತ್ತರಕ್ಕೆ ನನ್ನ ಜಗಲಿ, ದಕ್ಷಿಣಕ್ಕೆ ನಂಜುಂಡಯ್ಯನವರ ಬಳೆ ಗೋಡೌನು, ಪೂರ್ವಕ್ಕೆ ಕರೆಂಟಿನ ಕಂಬ, ಪಶ್ಚಿಮಕ್ಕೆ ಕಸದ ರಾಶಿ. ಇದು ಚಕ್ಕುಬಂದಿ.

ನಾನು ಮೂರನೇ ಕ್ಲಾಸಿಗೇ ಸ್ಕೂಲಿಗೆ ಶರಣು ಹೊಡೆದವಳು. ಭೂಗೋಳ ಶುರುವಾಗುವ ಮುಂಚೆಯೇ ಮನೆಗೆ ಬಂದುಬಿಟ್ಟಿದ್ದೆ. ಆದರೂ ಈ ಸರೋವರ ಹುಟ್ಟಿದ್ದು ನನ್ನ ಬಾಯಿಂದ ಅಂತ ಸರ್ಕಾರಿ ದಾಖಲೆಯಲ್ಲೇ ಇದೆ.

ಆದದ್ದು ಇಷ್ಟು. ಕೇಬಲ್ಲಿನವರು ಬಂದು ರಸ್ತೆ ಉದ್ದಕ್ಕೂ ಅಗೆದರು, ಕಾವೇರಿ ಪೈಪು ಒಡೆದರು. ಅವರು ಹೋದರು, ನೀರು ಉಳಿಯಿತು. ನಮ್ಮ ನಲ್ಲಿ ಒಣಗಿತು. ನನ್ನ ಸೊಸೆ ಪ್ರತಿಭಾ ದಿನಾ ಕಾರ್ಪೊರೇಷನ್ನಿಗೆ ಫೋನು ಮಾಡಿ "ಗುಂಡೀಲಿ ನೀರು ನಿಂತಿದೆ ಸಾರ್" ಅನ್ನುವಳು. ಯಾರು ಬರುತ್ತಾರೆ? ಗುಂಡಿ ಎಲ್ಲರ ಬೀದಿಯಲ್ಲೂ ಇದೆ. ಒಂದು ದಿನ ತಡೆಯಲಾರದೆ "ಕೊಡೇ ಇಲ್ಲಿ" ಅಂತ ಕಿತ್ತುಕೊಂಡು ನಾನೇ ಹೇಳಿದೆ:

"ಸ್ವಾಮಿ, ಇದು ಗುಂಡಿಯಲ್ಲ. ನನ್ನ ಜಗಲಿ ಮೇಲೆ ನಿಂತರೆ ಎದುರು ದಡಾನೇ ಕಾಣಿಸಲ್ಲ."

ಸುಳ್ಳಲ್ಲ. ನನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಮಾರನೇ ದಿನವೇ ಜೀಪು ಬಂತು. ಮಹಾಸರೋವರ ಪತ್ತೆ ಮತ್ತು ಪಾಲನಾ ಮಂಡಳಿಯಂತೆ. ಊರಿನ ಕೆರೆಗಳೆಲ್ಲ ಲೇಔಟಾದ ಮೇಲೆ ಅವುಗಳ ರಕ್ಷಣೆಗೆಂದು ಸ್ಥಾಪನೆಯಾದ ಮಂಡಳಿ. ರಕ್ಷಿಸಲು ಒಂದೂ ಸಿಗದೆ ಪಾಪ ಸಿಬ್ಬಂದಿಯೆಲ್ಲ ಸೊರಗಿಹೋಗಿದ್ದರು. ಗೌರೀಶ್ ಅಂತ ಒಬ್ಬ ಎಳೇ ಅಧಿಕಾರಿ ಇಳಿದು ನನ್ನ ಪಕ್ಕ ನಿಂತ.

"ಅಮ್ಮಾ, ಎದುರುಗಡೆ ಏನು ಕಾಣ್ತಿದೆ?"

"ಮಂಜು."

"ದಡ?"

"ಇಲ್ಲಪ್ಪ."

ಅವನ ಮುಖ ಅರಳಿತು ಅಂತ ಪ್ರತಿಭಾ ಆಮೇಲೆ ಹೇಳಿದಳು. "ನಿಯಮ ನಾಲ್ಕು," ಅಂದ ಗೌರೀಶ್. "ದಡದ ಕಾಯಂ ನಿವಾಸಿಗೆ ಎದುರು ದಡ ಕಾಣದಿದ್ದಲ್ಲಿ ಅದು ಮಹಾಸರೋವರ. ಪ್ರಪಂಚದ ದೊಡ್ಡ ಸರೋವರಗಳೆಲ್ಲ ಹೀಗೇ ಅಮ್ಮಾ. ಭೂಮಿ ಗುಂಡಗಿರೋದರಿಂದ ಆಚೆ ದಡ ಕೆಳಕ್ಕೆ ಬಾಗಿಹೋಗಿರುತ್ತೆ."

"ನಮ್ಮ ರಸ್ತೆ ಅಷ್ಟೊಂದು ಗುಂಡಗಿದೆಯಾ ಸಾರ್?" ಅಂದಳು ಪ್ರತಿಭಾ.

"ಮೇಡಂ, ಸರ್ವೆ ನಡೀತಿದೆ."

ಸರ್ವೆ ನಡೆಯಿತು. ದೊಡ್ಡ ಸರೋವರಗಳು ಹಿಮದ ಗಡ್ಡೆ ಜಾರಿ ನೆಲ ಕೊರೆದು ಆಗಬಹುದು, ಭೂಮಿಯೇ ಬಿರಿದು ಆಗಬಹುದು ಅಂದ. ಕೇಬಲ್ಲಿನವರ ಕಾಲುವೆ ನೋಡಿ 'ಭೂಮಿ ಬಿರಿದದ್ದು' ಎಂದು ಬರೆದುಕೊಂಡ. ಒಳಹರಿವು: ಕಾವೇರಿ. ಮೇಲಿನ ನೀರು ಬಿಸಿ, ತಳದ್ದು ತಣ್ಣಗೆ, ಆಳದ ಸರೋವರಗಳಲ್ಲಿ ಇರುವಂತೆಯೇ ಎಂದು ಥರ್ಮಾಮೀಟರು ಅದ್ದಿ ಖಾತ್ರಿ ಮಾಡಿಕೊಂಡ. ಅಲೆಗಾಗಿ ಸ್ವಲ್ಪ ಕಾಯಬೇಕಾಯಿತು. ಕಸದ ಲಾರಿ ಹಾದುಹೋಯಿತು, ನನ್ನ ಸೀರೆ ನೆರಿಗೆವರೆಗೂ ನೆನೆಯಿತು. 'ಅಲೆ: ಉಂಟು.'

ಹೊರಹರಿವಿನ ಹತ್ತಿರ ಮಾತ್ರ ಸರ್ವೆ ನಿಂತಿತು. ನೀರು ಎಲ್ಲಿಗಾದರೂ ಹೊರಟುಹೋಗದಿದ್ದರೆ ಸರೋವರ ಕಾಲಕ್ರಮೇಣ ಉಪ್ಪಾಗುತ್ತದಂತೆ, ಆಮೇಲೆ ಸಿಹಿನೀರು ಅಂತ ಬರೆಯೋ ಹಾಗಿಲ್ಲವಂತೆ. ಅಷ್ಟರಲ್ಲಿ ಮಂಜಿನ ಆಚೆಯಿಂದ ನಂಜುಂಡಯ್ಯನವರ ದನಿ ಬಂತು: "ನಮ್ಮ ಗೋಡೌನಿನ ನೆಲಮಾಳಿಗೆಗೆ ಇಳೀತಿದೆ ಸಾರ್!"

"ಹೊರಹರಿವು ಸಿಕ್ತು," ಅಂದ ಗೌರೀಶ್.

ಬೋರ್ಡು ನೆಟ್ಟರು. 'ಈ ಮಹಾಸರೋವರದಲ್ಲಿ ಈಜುವುದನ್ನು, ದ್ವಿಚಕ್ರ ವಾಹನ ಚಲಾಯಿಸುವುದನ್ನು ಹಾಗೂ ಪೈಪು ರಿಪೇರಿ ಮಾಡುವುದನ್ನು ನಿಷೇಧಿಸಲಾಗಿದೆ.'

ನಾನು ಉಬ್ಬಿಹೋದೆ. ಮಲ್ಲೇಶ್ವರದಲ್ಲಿ ನನ್ನ ನಾದಿನಿ ಇದ್ದಾಳೆ, ಮನೆ ಹತ್ತಿರ ಮೆಟ್ರೋ ಬಂದಾಗಿನಿಂದ ನೆಲದ ಮೇಲೆ ನಡೆಯುತ್ತಿಲ್ಲ. ಅವಳಿಗೆ ಫೋನು ಮಾಡಿ "ನಮ್ಮದು ಸರೋವರದ ದಡ ಕಣಮ್ಮ, ಗಾಳಿ ಜಾಸ್ತಿ" ಅಂದೆ. ಸೊಳ್ಳೆಯೂ ಜಾಸ್ತಿ ಅನ್ನಲಿಲ್ಲ.

ವಾರ ಕಳೆಯುವಷ್ಟರಲ್ಲಿ ನೋಟಿಸು ಅಂಟಿಸಿದರು. ಸದರಿ ಜಗಲಿಯು ಮಹಾಸರೋವರದ ಒತ್ತುವರಿಯಾಗಿದ್ದು, ಅದನ್ನು ಒಡೆಯತಕ್ಕದ್ದು.

ಮನೆ ಒಡೆಯುತ್ತೇವೆ ಅಂದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ, ಅದು ಮಗನ ಹೆಸರಲ್ಲಿದೆ. ಜಗಲಿ ನನ್ನದು. ಯಾರ ಮಗಳು ಯಾರ ಬೈಕು ಹತ್ತಿದಳು, ಯಾರ ಮನೆಯ ಫ್ರಿಜ್ಜು ಕಂತಿನದು, ಯಾವ ಗಂಡ ಯಾವ ಹೊತ್ತಿಗೆ ಚಪ್ಪಲಿ ಕೈಯಲ್ಲಿ ಹಿಡಿದು ಬಂದ, ಎಲ್ಲ ಆ ಕಲ್ಲಿನಿಂದಲೇ ಹೊರಟು ಬಸವನಗುಡಿ ಮುಟ್ಟಿದ ಸಮಾಚಾರ. ಕಣ್ಣು ಮಬ್ಬಾದ ಮೇಲೆ ಕಿವಿಯಲ್ಲೇ ನಡೆಸುತ್ತಿದ್ದೆ, ಗುಣಮಟ್ಟ ಇಳಿದಿತ್ತು, ಆದರೂ ಗಿರಾಕಿಗಳು ಬಿಟ್ಟಿರಲಿಲ್ಲ.

ಕೂತು ಯೋಚನೆ ಮಾಡಿದೆ. ದಡ ಕಾಣದೆ ಸರೋವರವಾದದ್ದು, ದಡ ಕಂಡರೆ ಗುಂಡಿ ಆಗಲೇಬೇಕು. ಪೊರೆ ತೆಗೆಸಿಕೊಳ್ಳಿ ಅತ್ತೆ ಅಂತ ಪ್ರತಿಭಾ ವರ್ಷಗಟ್ಟಲೆ ಗೋಗರೆದರೂ ಕೇಳದವಳು ಈಗ ನಾನೇ ಆಟೋ ಕರೆಸಿದೆ. ಮೊದಲು ಎಡಗಣ್ಣು ಮಾಡಿದರು.

ಪಟ್ಟಿ ಬಿಚ್ಚಿದ ದಿನ ಜಗಲಿಗೆ ಬಂದು ಕೂತೆ. ಎದುರು ದಡ ಎಲೆಅಡಿಕೆ ಉಗಿದರೆ ಬೀಳುವಷ್ಟು ಹತ್ತಿರದಲ್ಲಿತ್ತು. ಅಲ್ಲಿ ನಂಜುಂಡಯ್ಯನವರ ನೆಲಮಾಳಿಗೆಯಿಂದ ಒಂದು ಪೈಪು, ಪೈಪಿಗೊಂದು ಮೋಟರು, ಮೋಟರಿನಿಂದ ನೀರಿನ ಟ್ಯಾಂಕರು. ನಲ್ಲಿ ಒಣಗಿದಾಗಿನಿಂದ ನಮ್ಮ ಮನೆಗೆ ನೀರು ಕೊಳ್ಳುತ್ತಿದ್ದದ್ದು ಅದೇ ಟ್ಯಾಂಕರಿನಿಂದ. ಪಕ್ಕದಲ್ಲಿ ನಂಜುಂಡಯ್ಯನವರೂ ಗೌರೀಶನೂ ಬೈಟು ಕಾಫಿ ಕುಡಿಯುತ್ತಿದ್ದರು. ಇಷ್ಟು ದೊಡ್ಡ ಸಮಾಚಾರ ನನ್ನ ಮೂಗಿನ ಮುಂದೆ ನಡೆದು, ನನಗೇ ಗೊತ್ತಿಲ್ಲದೆ ಹೋಯಿತಲ್ಲ ಅನ್ನೋದು ಜಗಲಿಯ ಸಂಕಟಕ್ಕಿಂತ ಹೆಚ್ಚು ಉರಿಯಿತು.

ಸೀರೆ ಎತ್ತಿ ಕಟ್ಟಿ ಮಹಾಸರೋವರವನ್ನು ನಡೆದೇ ದಾಟಿದೆ.

"ಏನ್ರೀ ನಂಜುಂಡಯ್ಯನವರೇ, ಬಳೆ ಬಿಟ್ಟು ನೀರು ಮಾರ್ತಿದೀರಾ?"

"ಮುನಿಲಕ್ಷ್ಮಮ್ಮ, ಇದು ವ್ಯಾಪಾರ ಅಲ್ಲ, ಹೊರಹರಿವು," ಅಂದರು ಶಾಂತವಾಗಿ. "ನಾನು ನಿಲ್ಲಿಸಿದರೆ ಸರೋವರ ಉಪ್ಪಾಗಿಬಿಡುತ್ತೆ."

"ಸರೋವರಾನೇ ಇಲ್ಲ. ನನಗೆ ದಡ ಕಾಣ್ತಿದೆ. ಗುಂಡಿ ಅಂತ ಬರ್ಕೊಳಪ್ಪ ಗೌರೀಶ."

ಗೌರೀಶ್ ಲೋಟ ಕೆಳಗಿಟ್ಟ. "ಬರ್ಕೋತೀನಿ ಅಮ್ಮಾ. ಗುಂಡಿ ಆದರೆ ರಸ್ತೆಯವರ ಕೈಗೆ ಹೋಗುತ್ತೆ. ಅವರು ರಸ್ತೆ ಅಗಲ ಮಾಡ್ತಾರೆ. ಆಗಲೂ ಜಗಲಿ ಹೋಗುತ್ತೆ."

ನಾನು ತಿರುಗಿ ನನ್ನ ಜಗಲಿಯತ್ತ ನೋಡಿದೆ.

"ಹಾಗಾದರೆ ಉಳಿಯೋ ದಾರಿ?"

"ದ್ವೀಪ," ಅಂದ. "ಮಹಾಸರೋವರದೊಳಗಿನ ದ್ವೀಪ ಒತ್ತುವರಿ ಅಲ್ಲ, ಅದು ಪ್ರಕೃತಿ. ಜಗಲಿ ಸುತ್ತ ನೀರು ಬರೋ ಹಾಗೆ ಸ್ವಲ್ಪ ಅಗೆಸಿಬಿಡ್ತೀನಿ. ಆದರೆ ದ್ವೀಪ ಇರಬೇಕಾದರೆ ಮಹಾಸರೋವರ ಇರಬೇಕು. ಅದಿರಬೇಕಾದರೆ ನಿಮಗೆ ದಡ ಕಾಣಬಾರದು."

"ಒಂದು ಕಣ್ಣು ಆಗಿಹೋಗಿದೆಯಲ್ಲಪ್ಪ."

"ಇನ್ನೊಂದಿದೆಯಲ್ಲ," ಅಂದರು ನಂಜುಂಡಯ್ಯನವರು.

ನಿಯಮಕ್ಕೆ ತಿದ್ದುಪಡಿ ಬಂತು: ಕಾಯಂ ನಿವಾಸಿಯು ಬಲಗಣ್ಣಿನಿಂದ ಮಾತ್ರ ನೋಡತಕ್ಕದ್ದು. ತಿಂಗಳಿಗೊಮ್ಮೆ ತಪಾಸಣೆ. ನಾನು ಎಡಗಣ್ಣಿಗೆ ಸೆರಗು ಹಿಡಿದು ದ್ವೀಪದ ಮೇಲೆ ಕೂರುತ್ತೇನೆ.

"ಏನು ಕಾಣ್ತಿದೆ ಅಮ್ಮಾ?"

"ಮಂಜು ಸ್ವಾಮಿ."

ಅವನು ಹೋದ ಮೇಲೆ ಸೆರಗು ಕಣ್ಣು ಬದಲಿಸುತ್ತದೆ. ಸಮಾಚಾರದ ಗುಣಮಟ್ಟ ಮೊದಲಿನಂತಾಗಿದೆ. ಟ್ಯಾಂಕರಿನ ಸಮಾಚಾರವೊಂದನ್ನು ಮಾತ್ರ ಹೇಳುವುದಿಲ್ಲ. ನಮ್ಮ ಮನೆಗೂ ಆ ನೀರೇ ಬರುತ್ತದೆ, ಎಲ್ಲರಿಗಿಂತ ಬೇಗ ಬರುತ್ತದೆ.

"ಅತ್ತೆ, ಬಲಗಣ್ಣಿನ ಆಪರೇಷನ್ ಯಾವಾಗ?" ಅಂತ ಪ್ರತಿಭಾ ಕೇಳುತ್ತಾಳೆ, ನಗು ತಡೆದುಕೊಂಡು.

"ಅದು ನನ್ನದಲ್ಲ ಕಣೇ, ಮಂಡಳೀದು."

ಈಗ ಪಕ್ಕದ ಅಡ್ಡರಸ್ತೆಯವರೂ ತಮಗೊಂದು ಮಹಾಸರೋವರ ಬೇಕೆಂದು ಕೇಳಿದ್ದಾರೆ. ಒಡೆದ ಪೈಪಿದೆ, ನೀರಿದೆ, ಟ್ಯಾಂಕರೂ ಗೊತ್ತುಮಾಡಿಕೊಂಡಿದ್ದಾರಂತೆ. ಪೊರೆ ಬಂದ ಕಣ್ಣೊಂದು ಸಿಕ್ಕಿಲ್ಲ. ನನ್ನದನ್ನು ಅಲ್ಲಿಗೂ ಹೆಚ್ಚುವರಿ ಹೊಣೆಯ ಮೇಲೆ ನಿಯೋಜಿಸಲಾಗಿದೆ.