ಹದಿನಾರು ಹೊಸ ಸ್ಟಡ್ಡುಗಳು

ಅಂಚೆ ಗುಮಾಸ್ತರ ಕಾರಿಗೆ ತಂದ ಹೊಸ ಅಲಾಯ್ ಚಕ್ರ ದಪ್ಪ; ಅದನ್ನು ಹಿಡಿದು ನಿಲ್ಲಿಸಬೇಕಾದ ಸ್ಟಡ್ಡು, ಅಂದರೆ ನಟ್ಟು ಕೂರುವ ಬೋಲ್ಟು, ಗಿಡ್ಡ. ನಟ್ಟು ಎರಡೇ ಸುತ್ತಿನಲ್ಲಿ ಮುಗಿದುಹೋಗುತ್ತಿತ್ತು.

"ಹೀಗೇ ಓಡಿಸಿದ್ರೆ ಚಕ್ರ ನಿಮಗಿಂತ ಮುಂಚೆ ಊರು ಸೇರುತ್ತೆ," ಅಂದ ಪಕ್ಕದ ಮನೆಯ ಮೆಕ್ಯಾನಿಕ್. "ಉದ್ದದ ಸ್ಟಡ್ಡು ಹಾಕ್ಬೇಕು. ಸೋಮವಾರ ಗಾಡಿ ತನ್ನಿ."

ಗುಮಾಸ್ತರಿಗೆ ಸೋಮವಾರದ ತನಕ ಕಾಯುವ ಹಾಗಿರಲಿಲ್ಲ. ಅಂದೇ ಸಂಜೆ ಆರರ ರೈಲಿಗೆ ಮಾವ ಬರುವವರಿದ್ದರು. 'ನಮ್ಮ ಅಳಿಯಂದ್ರಿಗೆ ಸೈಕಲ್ಲಿಗೆ ಗಾಳಿ ಹೊಡೆಯೋಕೂ ಬರಲ್ಲ' ಎಂದು ಮದುವೆಯಾದಂದಿನಿಂದ ಬಂಧುಬಳಗಕ್ಕೆಲ್ಲ ಸಾರಿಕೊಂಡು ಬಂದ ಮಾವ!

"ನಾನೇ ಹಾಕ್ತೀನಿ," ಎಂದು ಗುಮಾಸ್ತರು ತೋಳು ಮಡಚಿದರು.

ಕಾರು ಮರದ ದಿಮ್ಮಿಗಳ ಮೇಲೆ ಕುಳಿತಿತು. ಸುತ್ತಿಗೆಯಿಂದ ಹೊಡೆದೂ ಹೊಡೆದೂ ಮೊದಲ ಸ್ಟಡ್ಡು ಉದುರಿದಾಗ ಗಂಟೆ ಹತ್ತು. ನಾಲ್ಕು ಚಕ್ರಕ್ಕೂ ಸೇರಿ ಹದಿನಾರು ಹೊಸ ಸ್ಟಡ್ಡು ತರಲು ಭಾವಮೈದನನ್ನು ಅಂಗಡಿಗೆ ಅಟ್ಟಿದರು.

ಅಷ್ಟರಲ್ಲಿ ಎದುರುಮನೆಯಾಕೆ ಗೇಟಿಗೆ ಒರಗಿದರು. "ನಮ್ಮ ತಮ್ಮನೂ ಹೀಗೇ ಹೊಡೆದು ಬ್ರೇಕನ್ನೇ ಮುರಿದಿದ್ದ," ಎಂದರು, ಧೈರ್ಯ ತುಂಬುವವರಂತೆ.

ಮಹಡಿಯ ನಿವೃತ್ತ ಡ್ರಿಲ್ ಮೇಷ್ಟ್ರು ಕೆಳಗಿಳಿದೇ ಬಂದರು. "ಲಯ ಇಲ್ಲ ಸ್ವಾಮಿ ನಿಮ್ಮ ಏಟಿಗೆ! ನಾನು ಎಣಿಸ್ತೀನಿ, ಹೊಡೀರಿ. ಒಂದ್... ಎರಡ್!"

'ಎರಡ್'ಗೆ ಸುತ್ತಿಗೆ ಹೆಬ್ಬೆರಳ ಮೇಲೆ ಬಿತ್ತು. ಬೆರಳು ಬದನೆಕಾಯಿಯಾಯಿತು.

"ರೀ, ಸಾಕು ಬಿಡ್ರೀ. ಅಪ್ಪ ಆಟೋದಲ್ಲಿ ಬರ್ತಾರೆ," ಎಂದಳು ಹೆಂಡತಿ.

"ತಲೆ ಹೋದ್ರೂ ಬಿಡಲ್ಲ!"

ಬಿಡಲಿಲ್ಲ. ಊಟ ಬಿಟ್ಟರು, ಮೇಷ್ಟ್ರ ಎಣಿಕೆ ಸಹಿಸಿದರು, ಕಾರಿನಡಿ ಹಲ್ಲಿಯ ಹಾಗೆ ಅಂಟಿಕೊಂಡರು. ಒಂದೊಂದು ಹಳೆಯದನ್ನೂ ಹೊಡೆದುರುಳಿಸಿ, ಭಾವಮೈದ ತಂದ ಹೊಸದನ್ನು ನಟ್ಟು ಬಿಗಿಯುತ್ತಾ ಎಳೆದು ಕೂರಿಸಿದರು. ನಾಲ್ಕೂವರೆಗೆ ಹದಿನಾರೂ ಮುಗಿದವು. ಬೀದಿಯವರು ಚಪ್ಪಾಳೆ ತಟ್ಟಿದರು. ಗುಮಾಸ್ತರು ಹೊಸ ಚಕ್ರವನ್ನು ಏರಿಸಿ, ನಟ್ಟು ಹಾಕಿ ತಿರುಗಿಸಿದರು.

ಒಂದು ಸುತ್ತು. ಎರಡು ಸುತ್ತು. ಮುಗಿಯಿತು.

ಮೇಷ್ಟ್ರ ಎಣಿಕೆಯೂ ನಿಂತಿತು.

"ಗಿಡ್ಡದ್ದೇ ತಂದ್ಯೇನೋ?" ಗುಮಾಸ್ತರ ದನಿ ಬಾವಿಯೊಳಗಿಂದ ಬಂತು.

"ಛೇ, ಅದು ಹೇಗಾಗುತ್ತೆ ಭಾವ?" ಭಾವಮೈದ ಎದೆಯುಬ್ಬಿಸಿದ. "ನೀವು ಮೊದಲು ಕಿತ್ತಿದ್ರಲ್ಲ, ಆ ಸ್ಟಡ್ಡನ್ನೇ ಅಂಗಡೀಲಿ ತೋರಿಸಿದೆ. ಪಕ್ಕಪಕ್ಕ ಇಟ್ಟು ಅಳೆಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ!"

ಆರು ಗಂಟೆಗೆ ಗುಮಾಸ್ತರ ಕಾರು ಹೆಂಡತಿಯನ್ನೂ ಕೂರಿಸಿಕೊಂಡು ನಿಲ್ದಾಣ ತಲುಪಿತು, ಹಳೆಯ ಚಕ್ರಗಳ ಮೇಲೆ. ರೈಲಿಳಿದ ಮಾವ ಅದಕ್ಕೆ ಒಂದು ಸುತ್ತು ಹಾಕಿದರು.

"ಬೆಳಗ್ಗೆಯಿಂದ ಏನೋ ದೊಡ್ಡ ಕೆಲಸ ಅಂತ ಮಗಳು ಫೋನಲ್ಲಿ ಹೇಳಿದ್ಲು. ಎಲ್ಲಾ ಹಳೇದೇ ಇದ್ಯಲ್ಲ, ಅಳಿಯಂದ್ರೇ?"

"ಒಳಗಡೆ ಎಲ್ಲಾ ಹೊಸದು, ಮಾವ."

ಮಾವ ಮಗಳ ಕಡೆ ತಿರುಗಿ ದನಿ ತಗ್ಗಿಸಿದರು:

"ಪಾಪ, ಚಕ್ರ ಒರೆಸೋಕೆ ಇಡೀ ದಿನ ಹಿಡೀತಾ ಇವ್ರಿಗೆ?"