ಮಾವ ನೋಡಿದ ಕಾರುಗಳು

ಕಾರು ಕೊಳ್ಳಲು ಹೋದವರು ಕಾರನ್ನು ನೋಡುತ್ತಾರೆ. ನನ್ನ ಸೋದರಮಾವ ಕಾರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ನೋಡುತ್ತಿದ್ದರು! ಮಾರುವವನ ಮುಖ, ಅವನ ಮನೆಯ ಅಂಗಳ, ಅವನು ಹೆಂಡತಿಯನ್ನು ಕೂಗುವ ದನಿ, ಬಾಗಿಲಲ್ಲಿ ಮಲಗಿದ ನಾಯಿ ಅವನನ್ನು ಕಂಡು ಬಾಲ ಆಡಿಸುತ್ತದೋ ಎದ್ದು ಓಡುತ್ತದೋ, ಇಷ್ಟೂ ಪರೀಕ್ಷೆ ಮುಗಿದ ಮೇಲೆ ಪುರುಸೊತ್ತಿದ್ದರೆ ಕಾರಿನ ಬಣ್ಣ ಯಾವುದು ಎಂದು ಕೇಳುತ್ತಿದ್ದರು. ಕೇಳುತ್ತಿದ್ದರು ಅಂದೆ, ನೋಡುತ್ತಿದ್ದರು ಅನ್ನಲಿಲ್ಲ!

ಬಾಬುರಾಯನಕೊಪ್ಪಲಿನಲ್ಲಿ ನಲವತ್ತು ವರ್ಷ ಹಸು ಕಟ್ಟಿ ಹಾಲು ಕರೆದ ಮನುಷ್ಯ ಅವರು. ಇಪ್ಪತ್ತು ವರ್ಷ ಸ್ವಂತ ಟ್ರಾಕ್ಟರು ಓಡಿಸಿದ್ದರೂ ಅವರ ವಿದ್ಯೆಯೆಲ್ಲ ಕೊಟ್ಟಿಗೆಯದು. "ಹಸ ತರಾಕೋದ್ರೆ ಹಸ ನೋಡ್ಬಾರ್ದು ಕಣವ್ವ. ಮಾರೋ ದಿನ ಎಲ್ಲಾ ಹಸವೂ ಸಾಧುವೇಯ. ಸಾಕ್ದೋನ್ನ ನೋಡ್ಬೇಕು," ಎನ್ನುತ್ತಿದ್ದರು. ಅಪ್ಪ ಇಲ್ಲದ ನನ್ನನ್ನು ಓದಿಸಿ ಮದುವೆ ಮಾಡಿದವರು. ಅವರ ಒಪ್ಪಿಗೆ ಇಲ್ಲದೆ ನಮ್ಮ ಮನೆಗೆ ಒಂದು ಮಿಕ್ಸಿಯೂ ಬಂದದ್ದಿಲ್ಲ. ಇನ್ನು ಕಾರು ಬರುತ್ತದೆಯೇ?

ನಮಗೆ ಆಗಲೇ ಒಂದು ಕಾರಿತ್ತು. ನನ್ನ ಗಂಡನ ಅಪ್ಪನ ಕಾಲದ್ದು, ಗೂಳಿಯಂಥದ್ದು, ಪೆಟ್ರೋಲನ್ನು ನೀರು ಕುಡಿದ ಹಾಗೆ ಕುಡಿಯುತ್ತಿತ್ತು. ಅದು ದಿನಾ ಬೆಳಿಗ್ಗೆ ನನ್ನ ಗಂಡನನ್ನು ಕೂರಿಸಿಕೊಂಡು ಶ್ರೀರಂಗಪಟ್ಟಣದಿಂದ ನಾಗಮಂಗಲದ ಕಚೇರಿಗೆ ಹೋದರೆ ಸಂಜೆಯೇ ವಾಪಸ್ಸು. ನಾನು ಪಾಂಡವಪುರ ದಾಟಿ ಕೆ.ಆರ್.ಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಹೈಸ್ಕೂಲು ಮೇಡಂ. ಎರಡು ಬಸ್ಸು ಬದಲಾಯಿಸಬೇಕು. ತೊಂಬತ್ತರ ದಶಕದ ನಡುವಿನ ಆ ವರ್ಷ ನನಗೆ ನಾಲ್ಕು ವರ್ಷದ ಮಗಳು, ಕೈಯಲ್ಲಿ ಹಸುಗೂಸು. ಸಂಕ್ರಾಂತಿ ಕಳೆದ ಸೋಮವಾರ ಹೆರಿಗೆ ರಜೆ ಮುಗಿದು ಡ್ಯೂಟಿಗೆ ಹಾಜರಾಗಬೇಕಿತ್ತು. ಮಗುವನ್ನು ಶಾಲೆಯ ಹಿಂದಿನ ಮನೆಯ ರತ್ನಮ್ಮ ನೋಡಿಕೊಳ್ಳುತ್ತೇನೆ ಅಂದಿದ್ದರು. ಮಗಳು ಅಲ್ಲೇ ಅಂಗನವಾಡಿಗೆ. ಹೋಗುವುದು ಹೇಗೆ?

ಒಮ್ಮೆ ಹೋಗಿ ನೋಡೋಣ ಎಂದು ಡಿಸೆಂಬರಿನಲ್ಲಿ ಇಬ್ಬರನ್ನೂ ಕಟ್ಟಿಕೊಂಡು ಬಸ್ಸಿಗೆ ಹೊರಟೆ. ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ಜನ ಮೈಮೇಲೆ ಬಿದ್ದು ಹತ್ತಿದರು. ಮಗುವನ್ನು ಎದೆಗವಚಿಕೊಂಡು ನಾನೂ ಹೇಗೋ ಒಳಗೆ ಬಂದೆ. ಬಸ್ಸು ಹೊರಟಿತು. ತಿರುಗಿ ನೋಡುತ್ತೇನೆ, ಮಗಳು ಇಲ್ಲ! ಕಿಟಕಿಯಲ್ಲಿ ಕಂಡಳು. ಕೆಳಗೆ, ಧೂಳಿನಲ್ಲಿ, ಬಸ್ಸಿನ ಹಿಂದಿನ ಚಕ್ರದ ಪಕ್ಕದಲ್ಲೇ ಓಡಿ ಬರುತ್ತಿದ್ದಳು. ನಾನು ಕಿರುಚಿದ್ದಕ್ಕೆ ಇಡೀ ಬಸ್ಸು ಕಿರುಚಿತು. ಡ್ರೈವರ್ ನಿಲ್ಲಿಸಿದ. ಯಾರೋ ಅವಳನ್ನು ಎತ್ತಿ ಕಿಟಕಿಯಿಂದಲೇ ಒಳಗೆ ಹಾಕಿದರು. ಅವಳು ಅಳಲಿಲ್ಲ. "ಅಮ್ಮಾ, ನೀನು ನನ್ನ ಬಿಟ್ಟು ಹೋದೆ," ಅಂದಳು, ಅಷ್ಟೇ.

ಅಂದು ಸಂಜೆಯೇ ತೀರ್ಮಾನವಾಯಿತು: ನನಗೊಂದು ಸಣ್ಣ ಕಾರು. ಹಳೆಯದಾದರೂ ಸರಿ, ಕಡಿಮೆ ಪೆಟ್ರೋಲು ಕುಡಿದು ಹೆಚ್ಚು ದೂರ ಓಡುವಂಥದ್ದು. ಉಳಿದದ್ದು ನಾಲ್ಕು ಭಾನುವಾರ. ಮತ್ತು ಮಾವ!

ಮೊದಲ ಭಾನುವಾರ ನಾಗಮಂಗಲ. ನನ್ನ ಗಂಡನೇ ಹುಡುಕಿದ್ದ ಕಾರು, ತೆಂಗಿನಕಾಯಿ ವ್ಯಾಪಾರಿಯೊಬ್ಬರದು. ಎಂಜಿನ್ನು ಬೆಕ್ಕು ಗುರುಗುಟ್ಟಿದ ಹಾಗೆ ಮೆತ್ತಗೆ ಓಡುತ್ತಿತ್ತು. ನನ್ನ ಗಂಡನ ಮುಖವೇ ಅರಳಿತ್ತು. ಅಷ್ಟರಲ್ಲಿ ವ್ಯಾಪಾರಿ ಒಳಗೆ ತಿರುಗಿ, "ಏ ಇವ್ಳೇ, ಕಾಪಿ ತರಾಕೆ ಎಷ್ಟೊತ್ತೇ? ಸತ್ತೋದಾ?" ಎಂದು ಗದರಿದ. ಮಾವ ಎದ್ದು ನಿಂತು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು.

"ಬರ್ತೀವಿ ಸ್ವಾಮಿ."

"ಯಾಕೆ ಯಜಮಾನ್ರೇ? ಗಾಡಿ ನೋಡ್ಲೇ ಇಲ್ವಲ್ಲ!"

"ನೋಡ್ದೆ ಬುಡಿ."

ದಾರಿಯಲ್ಲಿ ನನ್ನ ಗಂಡ ಹಲ್ಲು ಕಚ್ಚಿಕೊಂಡು ಕೇಳಿದ, "ಏನಾಗಿತ್ತು ಮಾವ ಅದಕ್ಕೆ?"

"ಹೆಂಡ್ರುನ್ನೇ ಅಂಗೆ ಗದರೋನು ಗೇರ್ನ ಸುಮ್ಕೆ ಬುಟ್ಟಾನಾ ಅಳಿಮಯ್ಯ? ಅದು ಒಳಗೊಳಗೇ ನೊಂದೈತೆ!"

ನನ್ನ ಗಂಡ ಗೇರನ್ನು ಗರಗರ ಎನ್ನಿಸಿಯೇ ಬದಲಾಯಿಸಿದ.

ಎರಡನೆಯದು ಕೆ.ಆರ್.ಪೇಟೆಯಲ್ಲಿ ಕಾಲೇಜಿನ ಲೆಕ್ಚರರ್ ಒಬ್ಬರದು. ಸೀಟಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೇ ಇನ್ನೂ ತೆಗೆದಿರಲಿಲ್ಲ. ಬೆಲ್ಲದ ಚೂರು ಚೀಪುತ್ತಿದ್ದ ನನ್ನ ಮಗಳು ಗಾಜಿನ ಮೇಲೆ ಕೈ ಇಟ್ಟಳು. ಲೆಕ್ಚರರ್ ಕರವಸ್ತ್ರ ತೆಗೆದು ಒರೆಸಿದರು. ಅವಳು ಮತ್ತೆ ಇಟ್ಟಳು. ಅವರು ಮತ್ತೆ ಒರೆಸಿದರು. ಅವಳಿಗೆ ಅದು ಆಟವಾಯಿತು, ಅವರಿಗೆ ಬೆವರು ಕಿತ್ತುಕೊಂಡು ಬಂತು.

"ನಿಮ್ಮ ಮಕ್ಳೂ ಇಂಗೇ ಮಾಡ್ತಾವಾ?" ಮಾವ ಕೇಳಿದರು.

"ಮಕ್ಕಳನ್ನು ನಾವು ಇದರಲ್ಲಿ ಕೂರಿಸೋದಿಲ್ಲ. ಸೀಟು ಕೊಳೆಯಾಗುತ್ತೆ."

ಮುಗಿಯಿತು. "ಈ ಗಾಡಿ ಮಕ್ಳನ್ನೇ ಕಂಡಿಲ್ಲ ಕಣವ್ವ. ನಮ್ಮನೆಗೆ ಬಂದ್ರೆ ಎದರ್ಕತದೆ," ಎಂದುಬಿಟ್ಟರು! ಮರುದಿನವೇ ಆ ಕಾರನ್ನು ಬೇರೆ ಯಾರೋ ಕೊಂಡರು ಎಂದು ತಿಳಿದಾಗ ನನ್ನ ಗಂಡ ಊಟ ಬಿಟ್ಟು ಎದ್ದ. "ನಿನಗೆ ಕಾರು ಬೇಕೋ, ನಿಮ್ಮ ಮಾವನ ಸರ್ಟಿಫಿಕೇಟು ಬೇಕೋ, ಒಂದು ಹೇಳು," ಅಂದ. ನನಗೆ ಎರಡೂ ಬೇಕಿತ್ತು. ಹೇಳುವುದು ಹೇಗೆ? ಆ ದಿನಗಳಲ್ಲಿ ನಿದ್ದೆಯಲ್ಲೂ ನಾನು ಬಸ್ಸಿನ ಕಿಟಕಿಯಿಂದ ಕೆಳಗೆ ನೋಡುತ್ತಿದ್ದೆ.

ಮೂರನೆಯ ಭಾನುವಾರ ಪಾಂಡವಪುರದ ಹತ್ತಿರದ ಒಂದು ತೋಟದ ಮನೆ. ಮಾಲೀಕರು ನಿವೃತ್ತ ಅಧಿಕಾರಿ. ಬಾಗಿಲಿಗೇ ಬಂದು ಕೈ ಮುಗಿದರು. ಹೆಂಡತಿಯನ್ನು "ಬನ್ನಿ, ಯಾರು ಬಂದಿದ್ದಾರೆ ನೋಡಿ" ಎಂದು ಕರೆದರು. ನಾಯಿ ಅವರ ಕಾಲಿಗೇ ಅಂಟಿಕೊಂಡಿತ್ತು. ಕೈಯಾರೆ ಎಳನೀರು ಕೆತ್ತಿ ಮೊದಲು ನನ್ನ ಮಗಳಿಗೆ ಕೊಟ್ಟರು. ನಾನು ಮಾವನ ಮುಖ ನೋಡಿದೆ. ಮದುವೆಗೆ ಗಂಡು ಒಪ್ಪಿದ ಹಾಗೆ ಕರಗಿ ಕೂತಿದ್ದರು!

"ಆರು ತಿಂಗಳಿಂದ ಶೆಡ್ಡಿನಲ್ಲೇ ಇದೆ. ನನಗೆ ಕಣ್ಣಿನ ಆಪರೇಷನ್ ಆದಮೇಲೆ ಓಡಿಸಿಲ್ಲ," ಅಂದರು ಅವರು.

"ಅದುಕ್ಕೇನಂತೆ ಬುದ್ಧಿ, ಬೆಸ್ಟಾಗಿರ್ತದೆ!" ಅಂದರು ಮಾವ. ಬಾನೆಟ್ಟು ಎತ್ತಲು ಹೋದ ನನ್ನ ಗಂಡನಿಗೆ, "ಇಂಥೋರ ಮನೇಲಿ ಅದೆಲ್ಲಾ ಮಾಡಬಾರ್ದು ಅಳಿಮಯ್ಯ," ಎಂದು ಬುದ್ಧಿ ಬೇರೆ.

ಓಡಿಸಿ ನೋಡಲು ನಾನು ಕೂತೆ. ಮಾವ ಪಕ್ಕಕ್ಕೆ ಬಂದರು. ಮಗು ನನ್ನನ್ನು ಬಿಡದೆ ಅತ್ತಿದ್ದಕ್ಕೆ ಅವರೇ ತೊಡೆಯ ಮೇಲೆ ಕೂರಿಸಿಕೊಂಡರು. ಮಗಳು, ಗಂಡ ಎಳನೀರಿನ ಹತ್ತಿರವೇ ಉಳಿದರು. ಹೊರಟೆವು. ಮೊದಲ ತಿರುವಿನಲ್ಲಿ ಬ್ರೇಕು ಹಿಡಿಯಿತು, ಎರಡನೆಯದರಲ್ಲಿ ಸ್ವಲ್ಪ ಮೆತ್ತಗಾಯಿತು. ಹಳೇ ಗಾಡಿ, ಹೀಗೇ ಇರಬೇಕು ಅಂದುಕೊಂಡೆ. ರಸ್ತೆ ನಾಲೆಯ ಏರಿಗೆ ಹತ್ತಿ, ಏರಿಯ ಮೇಲೆ ಇಳಿಜಾರಾಗಿ ಓಡಿತು. ಎಡಕ್ಕೆ ನಾಲೆ, ಅಂಚಿನವರೆಗೆ ನೀರು. ತಡೆಗೋಡೆ ಎಂಬುದಿಲ್ಲ. ಮುಂದೆ ಕಬ್ಬು ತುಂಬಿದ ಎತ್ತಿನ ಗಾಡಿಯೊಂದು ರಸ್ತೆಯ ಮುಕ್ಕಾಲು ಪಾಲು ಹಿಡಿದು ಹೋಗುತ್ತಿತ್ತು. ಬ್ರೇಕು ಒತ್ತಿದೆ. ಕಾಲು ಕೆಳಗೆ ಹೋಯಿತು. ಹೋಗಿ ತಳಕ್ಕೆ ತಗಲಿತು. ಕಾರು ಮಾತ್ರ ಹಾಗೇ ಹೋಗುತ್ತಿತ್ತು.

"ಮಾವ, ಬ್ರೇಕಿಲ್ಲ."

ನನ್ನ ದನಿ ನನಗೇ ಕೇಳಿಸಲಿಲ್ಲ. ಅವರಿಗೆ ಕೇಳಿಸಿತು.

"ಕೂಗ್ಬೇಡ. ಕಾಲು ಒತ್ತಿ ಒತ್ತಿ ಬುಡು."

"ಇಲ್ಲ ಮಾವ, ಇಲ್ಲ!"

"ಸರಿ ಬುಡು. ಗೇರು ಇಳಿಸು. ಮೂರು. ಎರಡು. ಆಂ, ಅಂಗೇ. ನೀರು ನೋಡ್ಬೇಡ, ರಸ್ತೆ ನೋಡು."

ಎಂಜಿನ್ನು ಅರಚಿತು. ವೇಗ ಇಳಿಯಿತು, ಆದರೆ ಸಾಲದು. ಕಬ್ಬಿನ ತುದಿಗಳು ಗಾಜಿನ ಮುಂದೆ ದೊಡ್ಡದಾಗುತ್ತಾ ಬಂದವು. ಮಾವ ಒಂದು ಕೈಯಲ್ಲಿ ಮಗುವನ್ನು ಎದೆಗೆ ಒತ್ತಿಕೊಂಡು ಇನ್ನೊಂದರಲ್ಲಿ ಹ್ಯಾಂಡ್ ಬ್ರೇಕು ಹಿಡಿದು ಮೆಲ್ಲಗೆ, ಹಸುವಿನ ಕೆಚ್ಚಲಿಗೆ ಕೈ ಹಾಕಿದಷ್ಟು ಮೆಲ್ಲಗೆ, ಎಳೆಯುತ್ತಾ ಬಂದರು. "ಬಲಕ್ಕೆ ತಕ್ಕೋ. ಉಳ್ಳಿ ಸೆತ್ತೆ ಮ್ಯಾಕೆ ಬುಡು!"

ಆಗ ಕಂಡಿತು. ರಸ್ತೆಯ ಬಲಭಾಗದಲ್ಲಿ ಹೆಂಗಸರು ಹುರುಳಿ ಗಿಡಗಳನ್ನು ಮೊಣಕಾಲೆತ್ತರ ಹರಡಿದ್ದರು, ಹೋಗಿ ಬರುವ ಗಾಡಿಗಳು ತುಳಿದು ಕಾಳು ಉದುರಲಿ ಎಂದು. ಚಕ್ರ ತಿರುಗಿಸಿದೆ. ಎತ್ತಿನ ಗಾಡಿಯನ್ನು ಒಂದು ಗೇಣಿನಲ್ಲಿ ತಪ್ಪಿಸಿ ಕಾರು ಹುರುಳಿಯೊಳಗೆ ನುಗ್ಗಿತು, ಚರಚರ ಎಂದಿತು, ಸೊಪ್ಪನ್ನು ಅಡಿಯಲ್ಲಿ ಸುತ್ತಿಕೊಂಡು ನಿಂತಿತು.

ಕಿಟಕಿಯಲ್ಲಿ ಒಬ್ಬ ಹೆಂಗಸಿನ ಮುಖ ಬಂತು, ಸಿಟ್ಟಿನಿಂದ ಕೆಂಪಾಗಿ.

"ಎಲ್ರೂ ಅತ್ತಿಸ್ಕಂಡು ಓಯ್ತಾರೆ, ನೀನ್ಯಾಕವ್ವ ನಡೂಮಧ್ಯೆ ನಿಂತ್ಕಂಡೆ? ಇನ್ನೊಂದ್ಸಲ ಹಿಂದಕ್ಕೂ ಮುಂದಕ್ಕೂ ಓಡ್ಸು!"

ನನಗೆ ನಗು ಬಂತು, ನಗುತ್ತಾ ನಗುತ್ತಾ ಅಳು ಬಂತು. ಮಾವನ ಕಡೆ ತಿರುಗಿದೆ. ಅವರು ನಗಲಿಲ್ಲ. ಮಗುವನ್ನು ನನ್ನ ಕೈಗೆ ಕೊಟ್ಟು ಇಳಿದರು. ಸೊಪ್ಪಿನ ರಾಶಿಯ ಮೇಲೇ ಕೂತುಬಿಟ್ಟರು.

ಶೆಡ್ಡಿನಲ್ಲೇ ನಿಂತು ನಿಂತು ಕಾರಿನ ಕೊಳವೆ ಎಲ್ಲೋ ತುಕ್ಕು ತಿಂದು ಬ್ರೇಕಿನ ಎಣ್ಣೆಯೆಲ್ಲ ಸೋರಿತ್ತು. ಅಧಿಕಾರಿಗಳಿಗೆ ಅದು ಗೊತ್ತೇ ಇರಲಿಲ್ಲ. ಪಾಪ, ನಮಗಿಂತ ಹೆಚ್ಚಾಗಿ ಅವರೇ ನಡುಗಿದರು, ನೂರು ಸಲ ಕ್ಷಮೆ ಕೇಳಿದರು. ಅಷ್ಟು ಒಳ್ಳೆಯವರು!

ಮುಂದಿನ ವಾರವೆಲ್ಲ ಮಾವನ ಸುದ್ದಿಯಿಲ್ಲ. ಉಳಿದದ್ದು ಒಂದೇ ಭಾನುವಾರ. ನಾನೇ ಬಾಬುರಾಯನಕೊಪ್ಪಲಿಗೆ ಹೋದೆ. ಹಿತ್ತಿಲಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ನಾಳೆ ಶ್ರೀರಂಗಪಟ್ಟಣದಲ್ಲೇ ಒಂದು ಕಾರು ನೋಡೋದಿದೆ ಮಾವ. ಬರಬೇಕು."

"ನನ್ನ ಯಾಕವ್ವ ಕರೀತೀಯ? ನಾ ಮನುಸ್ರನ್ನ ನೋಡ್ದೆ, ಗಾಡಿ ನೋಡ್ನಿಲ್ಲ. ಅಳಿಮಯ್ಯ ಬಾನೆಟ್ಟು ಎತ್ತಾಕೆ ಓದ್ರೆ ಬ್ಯಾಡ ಅಂದೆ."

"ಹೋಗಲಿ ಬಿಡಿ. ಏನೂ ಆಗಲಿಲ್ಲವಲ್ಲ."

"ಕೂಸು ನನ್ನ ತೊಡೆ ಮ್ಯಾಲಿತ್ತು ಕಣವ್ವ," ಅಂದರು. ಕುಡುಗೋಲು ನಿಂತಿತು.

ಅವರ ಪಕ್ಕ ಕೂತು ನಾನೂ ಹುಲ್ಲಿನ ಕಂತೆ ಕೊಡತೊಡಗಿದೆ. ಎರಡು ಹೊರೆ ಮುಗಿದ ಮೇಲೆ, "ಎಷ್ಟೊತ್ಗೆ?" ಎಂದು ಕೇಳಿದರು.

ಕಾರು ಸತ್ತಾರ್ ಭಾಯಿ ಎಂಬ ಮೆಕ್ಯಾನಿಕ್ಕಿನದು. ಅವರ ಬಾಯಿ ಶ್ರೀರಂಗಪಟ್ಟಣಕ್ಕೆಲ್ಲ ಪ್ರಸಿದ್ಧ. ನಾವು ಕಾಲಿಡುವಾಗಲೇ ಯಾವನೋ ಗಿರಾಕಿಯ ವಂಶವನ್ನೆಲ್ಲ ಬೈಯುತ್ತಿದ್ದರು. ನಾನು ಕಾರಿನ ಬಾಗಿಲು ತೆಗೆದೆ, "ಅರೇ ಅಮ್ಮಾ, ಮೆಲ್ಲಗೆ! ಅದೇನು ದನದ ಕೊಟ್ಟಿಗೆ ಬಾಗಿಲಾ?" ಎಂದು ನನಗೂ ಬಿತ್ತು. ನನ್ನ ಗಂಡ ಕಣ್ಣು ಮುಚ್ಚಿಕೊಂಡ. ಮಾವ ಟವೆಲ್ಲು ತೆಗೆದರು. ಮುಗಿಯಿತು ಅಂದುಕೊಂಡೆ!

ಟವೆಲ್ಲನ್ನು ನೆಲಕ್ಕೆ ಹಾಸಿ, ಬಿಳಿ ಪಂಚೆಯಲ್ಲೇ ಅಂಗಾತ ಮಲಗಿ, ಕಾರಿನ ಅಡಿಗೆ ಜರುಗಿಬಿಟ್ಟರು.

"ಅರೇ ಚಾಚಾ! ಏನ್ ನೋಡ್ತೀರಿ? ನನ್ನ ಬೀವಿ, ಮಕ್ಕಳು ಓಡಾಡಿದ ಗಾಡಿ ಇದು! ನನ್ ಮೇಲೆ ಭರೋಸಾ ಇಲ್ವಾ?"

"ಇಲ್ಲ ಸಾಯಬ್ರೇ," ಅಡಿಯಿಂದ ದನಿ ಬಂತು. "ಒಂದು ಬ್ಯಾಟ್ರಿ ಕೊಡಿ."

ಸತ್ತಾರ್ ಭಾಯಿ ಬೈಯುತ್ತಲೇ ಟಾರ್ಚು ಕೊಟ್ಟರು. ಬೈಯುತ್ತಲೇ ನಾಲ್ಕೂ ಚಕ್ರ ಬಿಚ್ಚಿ ತೋರಿಸಿದರು. ಕೊನೆಗೆ ತಾವೂ ಅಡಿಗೆ ಜರುಗಿದರು. ಒಂದು ಗಂಟೆ ಕಾಲ ಕಾರಿನ ಕೆಳಗೆ ಎರಡು ಜೊತೆ ಕಾಲು ಮಾತ್ರ ಕಾಣುತ್ತಿದ್ದವು, ಜಗಳ ಕೇಳುತ್ತಿತ್ತು. ಮಾವ ಎದ್ದು ಬಂದಾಗ ಮೂಗಿನ ಮೇಲೆ ಗ್ರೀಸು.

"ಬಾಯಿ ಕೆಟ್ಟದು. ಬ್ರೇಕು ಒಳ್ಳೇದು. ತಕ್ಕೋ ಕಣವ್ವ," ಅಂದರು.

ಸೋಮವಾರ ಬೆಳಿಗ್ಗೆ ಮಗಳನ್ನು ಮುಂದೆ ಕೂರಿಸಿ, ಮಗುವನ್ನು ಹಿಂದೆ ದಿಂಬುಗಳ ನಡುವೆ ಮಲಗಿಸಿ, ದೇವರನ್ನು ನೆನೆದು ಹೊರಟೆ. ಬಾಬುರಾಯನಕೊಪ್ಪಲಿನ ಹತ್ತಿರ ಮಾವ ರಸ್ತೆಗೆ ಬಂದು ನಿಂತಿದ್ದರು. ಹಿಂದಿನ ಬಾಗಿಲು ತೆಗೆದು, ಮಗುವನ್ನು ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡು ಕೂತರು. ಶಾಲೆಯವರೆಗೂ ಬಂದು, ಎರಡು ಬಸ್ಸು ಹಿಡಿದು ವಾಪಸ್ಸು ಹೋದರು. ಮಂಗಳವಾರವೂ ಬಂದರು. ಬುಧವಾರವೂ.

"ನಿಮಗೆ ದನಕರು ನೋಡೋ ಕೆಲಸ ಇಲ್ಲವಾ ಮಾವ?"

"ಬ್ರೇಕ್ ಹಿಡೀತದಾ ಇಲ್ವಾ ನೋಡ್ಕಂಡಿರ್ತೀನಿ. ನೀನು ರಸ್ತೆ ನೋಡು."

ಗುರುವಾರ ಅವರ ಎಡಗೈ ಬೆರಳುಗಳ ಗೆಣ್ಣು ಸುಲಿದು ಕೆಂಪಾಗಿದ್ದು ಕಂಡಿತು. ಕೇಳಿದ್ದಕ್ಕೆ, "ಕರ ಹಗ್ಗ ಎಳೀತು," ಅಂದರು.

ಶುಕ್ರವಾರ ಪಾಂಡವಪುರ ದಾಟಿ ಹೊಂಡ ಬಿದ್ದ ರಸ್ತೆಗೆ ಬಂದಾಗ ಹಿಂದೆ ಏನೋ ಟಕ್ಕೆಂದಿತು. ಇನ್ನೊಂದು ಹೊಂಡ, ಇನ್ನೊಂದು ಟಕ್. ಕನ್ನಡಿಯಲ್ಲಿ ನೋಡಿದೆ. ಮಾವ ಬ್ರೇಕನ್ನೂ ನೋಡುತ್ತಿರಲಿಲ್ಲ, ರಸ್ತೆಯನ್ನೂ ನೋಡುತ್ತಿರಲಿಲ್ಲ. ಮಗುವಿನ ತಲೆ ಬಾಗಿಲ ಕಡೆಗಿತ್ತು. ಗಾಜು ಏರಿಸುವ ಕಬ್ಬಿಣದ ಹಿಡಿಗೂ ಆ ತಲೆಗೂ ನಡುವೆ ಅವರ ಅಂಗೈ. ಹೊಂಡ ಬಂದಾಗಲೆಲ್ಲ ಗೆಣ್ಣು ಹಿಡಿಗೆ ಹೊಡೆಯುತ್ತಿತ್ತು. ಅವರು ಮುಖವನ್ನೂ ಕಿವುಚುತ್ತಿರಲಿಲ್ಲ. ಮಗು ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು.

ನಾನು ಗೇರು ಇಳಿಸಿದೆ. ಹಿಂದಿನ ಬಸ್ಸು ಹಾರನ್ ಹೊಡೆಯಿತು, ಹೊಡೆಯಲಿ.

"ಯಾಕವ್ವ, ಎಂಜಿನ್ ಎಳೀತಿಲ್ವಾ?" ಮಾವ ಕೇಳಿದರು.

"ಎಳೀತಿದೆ ಮಾವ."

"ಅಂಗಾರೆ ಯಾಕೆ ಇಷ್ಟು ನಿಧಾನ?"

ನಾನು ಮುಂದಿನ ಹೊಂಡವನ್ನು ಬಳಸಿ ಹೋದೆ. ಮಗಳೇ ಹಿಂದೆ ತಿರುಗಿ ಹೇಳಿದಳು: "ತಾತ, ಪಾಪು ಮಲಗಿದೆ. ಅಮ್ಮ ಮೆಲ್ಲಗೆ ಓಡಿಸ್ತಾಳೆ. ನೀನೂ ಮಲಕ್ಕೋ."